ಗೋಲ್ ಸೀಲ್‌ ಸನ್ನಿಧಾನಕ್ಕೆ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀಮಾನ್ ಗೋಲ್ ಸೀಲ್‌ರವರು,
ಬೀಗ ಹಾಕಿದ ಡ್ರಾಯರು, ಸ್ಟಾಂಪ್ ಪ್ಯಾಡಿನ ಪಕ್ಕ,
ಯಾವುದೇ ಒಂದು ಸರ್ಕಾರಿ ಕಚೇರಿ.

ವಿಷಯ: ರಬ್ಬರ್ ಸ್ಟಾಂಪು ಮತ್ತು ಇಂಕನ್ನು ಬರೀ ಖುಷಿಗಾಗಿ ಬಳಸಲು ಅನುಮತಿ ಕೋರಿ.

ಉಲ್ಲೇಖ: ಯಾವುದೂ ಇಲ್ಲ. ಇದ್ದಿದ್ದರೆ ಈ ಪತ್ರ ಇಷ್ಟು ಹೊತ್ತಿಗೆ ಒಂದು ಕಡತದೊಳಗೆ ಸೇರಿ ನಿದ್ದೆ ಹೋಗಿರುತ್ತಿತ್ತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಶಿಡ್ಲಘಟ್ಟದ ನಿವಾಸಿಯಾದ ನಾನು ಬಿಡುವಿದ್ದಾಗ ಮನೆಯಲ್ಲೇ ಶುಭಾಶಯ ಪತ್ರ ಮಾಡುತ್ತೇನೆ. ದಪ್ಪ ಕಾಗದವನ್ನು ಮಡಚಿ, ರಬ್ಬರ್ ಅಚ್ಚಿಗೆ ಇಂಕು ಹಚ್ಚಿ ಒತ್ತುತ್ತೇನೆ. ಎಲೆಯೋ ಹೂವೋ ಮೂಡುತ್ತದೆ. ಅದೇ ಅಚ್ಚನ್ನು ಬಾಗಿಲ ಪರದೆಯ ಅಂಚಿಗೂ ಮಣ್ಣಿನ ಕುಂಡಕ್ಕೂ ಒತ್ತಿದ್ದುಂಟು. ಇದರಿಂದ ಯಾರ ಖಾತೆಯೂ ಬದಲಾಗುವುದಿಲ್ಲ, ಯಾರ ಪಹಣಿಯೂ ತಿದ್ದುಪಡಿಯಾಗುವುದಿಲ್ಲ. ಆದರೂ ತಮ್ಮ ಕುಲಕಸುಬಿಗೆ ಕೈ ಹಾಕಿದ್ದೇನಾದ್ದರಿಂದ, ತಮ್ಮನ್ನು ಒಂದು ಮಾತು ಕೇಳದೆ ಮುಂದುವರಿಯುವುದು ಸರಿಯಲ್ಲ ಅನ್ನಿಸಿತು.

ತಮ್ಮ ಮಹಿಮೆ ನಾನು ಬಲ್ಲೆ. ನಮ್ಮಲ್ಲಿ ಹುಟ್ಟಿದ್ದಕ್ಕೂ ತಾವು ಬೇಕು, ಸತ್ತಿದ್ದಕ್ಕೂ ತಾವೇ ಬೇಕು. ದಾಖಲೆಯ ನಕಲಿಗೆ ಸ್ವಯಂ ದೃಢೀಕರಣ ಸಾಕು ಎಂದು ಕೇಂದ್ರ ಸರ್ಕಾರ ಹೇಳಿ ದಶಕವೇ ದಾಟಿತು. ಕಂಪ್ಯೂಟರಿನಿಂದ ಇಳಿದ ಪ್ರಮಾಣಪತ್ರದ ಕೆಳಗೆ ಸಹಿ ಅಗತ್ಯವಿಲ್ಲ ಎಂದು ಅಚ್ಚಾಗಿಯೇ ಬರುತ್ತದೆ. ಕೌಂಟರಿನಲ್ಲಿ ಕೂತವರು ಆ ಸಾಲನ್ನು ಬೆರಳಿಟ್ಟು ಓದಿ, "ಸರಿ, ಇದಕ್ಕೊಂದು ಸೀಲು ಹಾಕಿಸ್ಕೊಂಡ್ ಬನ್ನಿ" ಎನ್ನುತ್ತಾರೆ. ಸಾಹೇಬರು ಇಲ್ಲದಿದ್ದರೂ ಕಚೇರಿ ನಡೆಯುತ್ತದೆ. ಸೀಲಿನ ಡ್ರಾಯರಿನ ಬೀಗದ ಕೈ ಇಟ್ಟುಕೊಂಡವರು ರಜೆ ಹಾಕಿದರೆ ತಾಲ್ಲೂಕೇ ನಿಲ್ಲುತ್ತದೆ.

ಆದರೆ ತಮ್ಮನ್ನು ಬಳಸುವ ರೀತಿ ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ತಮ್ಮನ್ನು ಯಾರೂ ಒತ್ತುವುದಿಲ್ಲ, ಗುದ್ದುತ್ತಾರೆ. ಪ್ಯಾಡಿನ ಮೇಲೊಂದು ಗುದ್ದು, ಕಾಗದದ ಮೇಲೊಂದು ಗುದ್ದು. ಅರ್ಧ ಬಿದ್ದರೆ ಅರ್ಧಚಂದ್ರ. ಆ ಅರ್ಧದಲ್ಲಿ "ಕಾರ್ಯನಿರ್ವಾಹಕ" ಇದ್ದರೆ "ಅಧಿಕಾರಿ" ಇರುವುದಿಲ್ಲ. ಕಾರ್ಡು ಮಾಡುವವರ ಪದ್ಧತಿ ಬೇರೆ. ಅಚ್ಚನ್ನು ಅಂಗಾತ ಹಿಡಿದು, ಇಂಕಿನ ಪ್ಯಾಡನ್ನೇ ಅದರ ಮೇಲೆ ಮೆಲ್ಲಗೆ ತಟ್ಟಬೇಕು. ಕಾಗದದ ಮೇಲೆ ನೇರಕ್ಕಿಟ್ಟು, ಆಚೀಚೆ ಅಲ್ಲಾಡಿಸದೆ ಒತ್ತಿ, ನೇರಕ್ಕೆ ಎತ್ತಬೇಕು. ಅಲ್ಲಾಡಿದರೆ ಒಂದು ಎಲೆ ಎರಡಾಗುತ್ತದೆ.

ಇನ್ನು ತಮ್ಮ ಇಂಕು. ಚಿಕ್ಕಬಳ್ಳಾಪುರದ ತೋಟಗಳಲ್ಲಿ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಹಿಚುಕಿದ ಹಾಗಿರುವ ಆ ನೇರಳೆ ನನಗೇನೋ ಇಷ್ಟವೇ. ಪ್ಯಾಡು ಬೇಗ ಒಣಗದಿರಲೆಂದು ಅದರಲ್ಲಿ ಗ್ಲಿಸರಿನ್ ಬೆರೆತಿರುತ್ತದೆ. ಕಚೇರಿಯ ಕಾಗದ ಅದನ್ನು ಹೀರಿಕೊಳ್ಳುತ್ತದೆ. ಕೈಕಾಗದದ ಮೇಲೆ ಹಾಕಿದರೆ ನಾರು ನಾರಿಗೂ ಹರಡಿ ಹೂವಿಗೆ ಮೀಸೆ ಬರುತ್ತದೆ. ನುಣುಪು ಕಾಗದದ ಮೇಲೆ ಹಾಕಿದರೆ ಒಣಗದೆ, ಮುಟ್ಟಿದವರ ಬೆರಳಿಗೆಲ್ಲ ಹತ್ತುತ್ತದೆ. ಅದಕ್ಕೇ ಕಾರ್ಡಿಗೆ ಪಿಗ್ಮೆಂಟ್ ಇಂಕು ತರಿಸುತ್ತೇವೆ. ಅದು ಗಟ್ಟಿ, ಕಾಗದದ ಮೇಲೇ ಕೂರುತ್ತದೆ, ನಿಧಾನಕ್ಕೆ ಒಣಗುತ್ತದೆ. ಆ ಹಸಿಯ ಮೇಲೆ ಎಂಬಾಸಿಂಗ್ ಪುಡಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಬಿಸಿ ತೋರಿಸಿದರೆ ಪುಡಿ ಕರಗಿ ಗೆರೆ ಉಬ್ಬಿ ಹೊಳೆಯುತ್ತದೆ. ಬಟ್ಟೆಗಾದರೆ ಬೇರೆ ಇಂಕು. ಮೇಲೆ ಇಸ್ತ್ರಿ ಆಡಿಸಿದರೆ ನಿಲ್ಲುತ್ತದೆ. ಇದ್ಯಾವುದೂ ಸರ್ಕಾರಿ ಇಂಕಲ್ಲ ಎಂದು ಈ ಮೂಲಕ ದೃಢೀಕರಿಸುತ್ತೇನೆ. ಸರ್ಕಾರಿ ಕೆಲಸಕ್ಕೊಂದು, ಸ್ವಂತಕ್ಕೊಂದು ಮೇಣದಬತ್ತಿ ಇಟ್ಟುಕೊಂಡಿದ್ದರು ಎಂದು ಶಾಲೆಯಲ್ಲಿ ಕತೆ ಹೇಳುತ್ತಿದ್ದರಲ್ಲ, ಆ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಇರುವುದು ನಮ್ಮ ಜಿಲ್ಲೆಯಲ್ಲೇ.

ತಾವು "ಬೇಕಾದರೆ ಆನ್‌ಲೈನಿನಲ್ಲಿ ಕಿಟ್ ತರಿಸಿಕೊಳ್ಳಿ, ನಮ್ಮ ತಂಟೆಗೆ ಬರಬೇಡಿ" ಎನ್ನಬಹುದು. ತರಿಸಿದೆ. ಹಿಮದ ಬೊಂಬೆ, ಜಿಂಕೆ ಎಳೆಯುವ ಗಾಡಿ, ಪೈನ್ ಮರ. ನಂದಿಬೆಟ್ಟದ ಮಂಜು ಬಿಟ್ಟರೆ ಬೇರೇನೂ ಕಾಣದ ನಾವು, ಸಂಕ್ರಾಂತಿಗೆ ಚಿಂತಾಮಣಿಯ ಚಿಕ್ಕಮ್ಮನಿಗೆ ಹಿಮದ ಬೊಂಬೆ ಕಳಿಸಿದರೆ ಅವರು ಫೋನ್ ಮಾಡಿ "ಮೈ ಹುಷಾರಿದ್ಯೇನೇ?" ಎಂದು ಕೇಳದೆ ಇರುತ್ತಾರೆಯೇ? ಅಕ್ಷರವೆಲ್ಲ ಇಂಗ್ಲಿಷು. ಹುಟ್ಟುಹಬ್ಬ, ಮದುವೆ, ಥ್ಯಾಂಕ್ಯೂ ಎಲ್ಲಕ್ಕೂ ಅಚ್ಚುಂಟು; ಯುಗಾದಿಗೆ, ಸೀಮಂತಕ್ಕೆ, ಗೃಹಪ್ರವೇಶಕ್ಕೆ ಒಂದೂ ಇರಲಿಲ್ಲ.

ಆದ್ದರಿಂದ ತಮ್ಮ ಜನ್ಮಸ್ಥಳಕ್ಕೇ ಹೋದೆ. ತಾಲ್ಲೂಕು ಕಚೇರಿ ಇರುವ ಕಡೆಯೆಲ್ಲ ಟೈಪಿಂಗ್ ಅಂಗಡಿ, ಜೆರಾಕ್ಸು, ಅವುಗಳ ನಡುವೆ ಒಬ್ಬ ಸೀಲು ಮಾಡುವವರು ಇದ್ದೇ ಇರುತ್ತಾರಲ್ಲ. ಹಿಪ್ಪುನೇರಳೆ ಎಲೆಯ ಚಿತ್ರ ಬರೆದ ಹಾಳೆಯನ್ನು ಮುಂದಿಟ್ಟೆ.

"ಯಾವ ಡಿಪಾರ್ಟ್‌ಮೆಂಟಮ್ಮ? ರೇಷ್ಮೆ ಇಲಾಖೆನಾ?"

"ಯಾವ ಇಲಾಖೆನೂ ಅಲ್ಲಣ್ಣ."

"ಲೆಟರ್ ತಂದಿದೀರಾ? ಸರ್ಕಾರದ್ದಾದ್ರೆ ಲೆಟರ್ ಇಲ್ದೆ ಮಾಡಲ್ಲ."

"ಬರೀ ಎಲೆ ಅಣ್ಣ. ಕಾರ್ಡಿಗೆ."

"ಕೆಳಗೆ ಹುದ್ದೆ ಏನ್ ಹಾಕ್ಲಿ?"

ಹುದ್ದೆಯಿಲ್ಲದ ಸೀಲನ್ನು ಆತ ಮಾಡಿದ್ದೇ ಇಲ್ಲವಂತೆ. ಆಮೇಲೆ ಕನ್ನಡಕ ಏರಿಸಿ ಚಿತ್ರ ನೋಡಿ, ಯಾವ ಕರಕುಶಲ ಪುಸ್ತಕದಲ್ಲೂ ನನಗೆ ಸಿಗದ ಮಾತು ಹೇಳಿದರು: "ಈ ನರಗಳು ತೀರಾ ಸಣ್ಣ ಆದ್ವು. ತೊಳೆಯೋವಾಗ ಹೊರಟೋಗ್ತವೆ. ದಪ್ಪ ಮಾಡ್ಕೊಂಡ್ ಬನ್ನಿ." ಚಿತ್ರದ ನೆಗೆಟಿವ್ ತೆಗೆದು, ಅದರ ಮೇಲೆ ಪಾಲಿಮರ್ ದ್ರವ ಹರಡಿ ಅಲ್ಟ್ರಾವೈಲೆಟ್ ದೀಪಕ್ಕೆ ಒಡ್ಡುತ್ತಾರೆ. ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತದೆ, ಬೀಳದ ಕಡೆಯದ್ದನ್ನು ಬ್ರಷ್ಷಿನಲ್ಲಿ ತೊಳೆದುಬಿಡುತ್ತಾರೆ. ಹೀಗಾಗಿ ತಾವೀಗ ಹೆಸರಿಗಷ್ಟೇ ರಬ್ಬರು. ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಗಂಧಕ ಹಾಕಿ ರಬ್ಬರ್ ಬೇಯಿಸುವ ವಿದ್ಯೆಗೆ ಪೇಟೆಂಟ್ ಪಡೆದ ಮೇಲೆ ಹುಟ್ಟಿದ ತಮ್ಮ ವಂಶ ಇಲ್ಲಿಗೆ ಬಂದು ಮುಟ್ಟಿದೆ. ಎಲೆ ಮಾತ್ರ ಸೊಗಸಾಗಿ ಬಂತು. ಬದಿಯಲ್ಲಿ "ಯುಗಾದಿ ಶುಭಾಶಯ" ಎಂದು ಅಕ್ಷರವನ್ನೂ ಹಾಕಿಕೊಟ್ಟರು. ಒತ್ತು ತಪ್ಪಿಲ್ಲ, ದೀರ್ಘ ತಪ್ಪಿಲ್ಲ. ತಮ್ಮ ಎಷ್ಟೋ ಬಂಧುಗಳ ಬಗ್ಗೆ ಈ ಮಾತು ಹೇಳಲಾರೆ.

ನಮ್ಮೂರಿನವರಿಗೆ ಕಾರ್ಡಿನ ಮೇಲೆ ಅಂಟಿಸಲು ಇನ್ನೊಂದು ವಸ್ತುವಿದೆ. ರಾಮನಗರದ ಜೊತೆಗೆ ರೇಷ್ಮೆ ಗೂಡಿನ ದೊಡ್ಡ ಮಾರುಕಟ್ಟೆ ಎಂದರೆ ಶಿಡ್ಲಘಟ್ಟವೇ. ಒಂದು ಗೂಡಿನಲ್ಲಿ ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ಎಳೆ ಇರುತ್ತದೆ. ಚಿಟ್ಟೆ ತೂತು ಕೊರೆದು ಹೊರಬಂತೆಂದರೆ ಎಳೆ ತುಂಡಾಗಿ ಬಿಚ್ಚಲು ಬರುವುದಿಲ್ಲ. ಆ ತೂತು ಗೂಡನ್ನು ಕತ್ತರಿಯಲ್ಲಿ ದಳದಳವಾಗಿ ಕತ್ತರಿಸಿ, ಬಣ್ಣದಲ್ಲಿ ಅದ್ದಿ ಹಾರ, ತೋರಣ, ಶುಭಾಶಯ ಪತ್ರ ಮಾಡುತ್ತಾರೆ. ಬೈವೋಲ್ಟೀನ್ ತಳಿಯ ಗೂಡು ಬಿಳಿ, ಎಂಥ ಬಣ್ಣಕ್ಕೂ ಒಗ್ಗುತ್ತದೆ. ಮಿಶ್ರತಳಿಯ ಸಿಬಿ ಗೂಡಿನ ಹಳದಿ, ಬಣ್ಣ ಹಾಕದೆಯೇ ಚೆನ್ನ. ಈ ಹಾರ ಇದುವರೆಗೆ ಹೆಚ್ಚಾಗಿ ಸಚಿವರ ಕೊರಳನ್ನೇ ಕಂಡಿದೆ. ಅಚ್ಚಿನಲ್ಲಿ ಒತ್ತಿದ ಎಲೆಯ ಪಕ್ಕ ಒಂದೇ ಒಂದು ದಳ ಅಂಟಿಸಿ ನೋಡಿ, ಸಚಿವರ ಕೊರಳಿಗಿಂತ ಅಲ್ಲೇ ಅದು ಚೆನ್ನಾಗಿ ಕಾಣುತ್ತದೆ.

ಚಿತ್ರವಿರುವ ಸೀಲು ಸೀಲೇ ಅಲ್ಲ ಎಂದು ತಾವು ಹುಬ್ಬು ಗಂಟಿಕ್ಕಬೇಡಿ. ತಮ್ಮ ದಾಯಾದಿ ಅಂಚೆ ಮುದ್ರೆಯನ್ನೇ ನೋಡಿ. ಎಷ್ಟೋ ಪ್ರವಾಸಿ ಸ್ಥಳಗಳ ಅಂಚೆ ಕಚೇರಿಗಳಲ್ಲಿ ಅದು ಆ ಜಾಗದ ಚಿತ್ರವನ್ನೇ ಹೊತ್ತು ಬೀಳುತ್ತದೆ, ಸರ್ಕಾರವೇನೂ ಮುಳುಗಿಲ್ಲ. ನಮ್ಮ ಮನೆಗಳಲ್ಲೂ ಈ ವಿದ್ಯೆ ಹಳೆಯದು. ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ಮರದ ಪಡಿಯಚ್ಚಿನಲ್ಲಿ ಹೊಯ್ದ ಕೈಗಳು ಇವು. ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಒತ್ತದೆ ಯಾರಿಗೂ ಕೊಡುವುದಿಲ್ಲ. ಆ ಅರಿಶಿನಕ್ಕೆ ಯಾವ ಗೆಜೆಟೆಡ್ ಅಧಿಕಾರಿಯೂ ಮೇಲುರುಜು ಹಾಕಬೇಕಿಲ್ಲ.

ಈಗ ಡಿಜಿಟಲ್ ಸಹಿ, ಕ್ಯೂಆರ್ ಕೋಡ್ ಬಂದು ತಮ್ಮ ನಿವೃತ್ತಿಯ ಮಾತು ಅಲ್ಲಲ್ಲಿ ಕೇಳಿಬರುತ್ತಿದೆ. ಪಿಂಚಣಿಯ ಬಗ್ಗೆ ನಾನೇನೂ ಹೇಳಲಾರೆ. ಕೆಲಸ ಮಾತ್ರ ಕೊಡಬಲ್ಲೆ. ರದ್ದಾದ ಮೇಲೆ ತಮ್ಮ ಮುಖವನ್ನು ನಿಯಮದ ಪ್ರಕಾರ ನಾಶಮಾಡಲಿ, ಹಿಡಿ ಮಾತ್ರ ಉಳಿಯಲಿ. ಕಡೆದು ಮಾಡಿದ ಆ ಮರದ ಹಿಡಿಗೆ ಭೋಗನಂದೀಶ್ವರ ಗುಡಿಯ ಕಲ್ಲಿನ ಜಾಲಂಧ್ರವನ್ನು ಅಂಟಿಸಬಹುದು, ವಿದುರಾಶ್ವತ್ಥದ ನಾಗರಕಲ್ಲನ್ನು ಅಂಟಿಸಬಹುದು. ಗೌರಿಬಿದನೂರಿನ ರೇಡಿಯೋ ದೂರದರ್ಶಕ ಬೇಕೆನ್ನುವ ಹುಡುಗರೂ ಇದ್ದಾರೆ. ಚಿಂತಾಮಣಿಯ ಚಿಕ್ಕಮ್ಮ ಮಾತ್ರ ಟೊಮೆಟೊ ಬೇಡವೇ ಬೇಡ ಎಂದಿದ್ದಾರೆ. ಬೆಲೆ ಬಿದ್ದ ವರ್ಷ ಅದರ ಮುಖ ನೋಡಲು ಅವರಿಗೆ ಮನಸ್ಸಾಗುವುದಿಲ್ಲವಂತೆ.

ಅನುಮತಿ ಪತ್ರ ಕಳಿಸುವುದಾದರೆ ದಯವಿಟ್ಟು ನೇರವಾಗಿ ಒತ್ತಿ ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಶಿಡ್ಲಘಟ್ಟದ ಒಬ್ಬ ಕಾರ್ಡು ಮಾಡುವವಳು

ಪ್ರತಿ: ಓದುಗರಿಗೆ, ಮಾಹಿತಿಗಾಗಿ ಹಾಗೂ ಮುಂದಿನ ಕ್ರಮಕ್ಕಾಗಿ. ನಿಮ್ಮೂರಿನ ಸೀಲು ಮಾಡುವವರಿಗೆ ಈಗ ಮೊದಲಿನಷ್ಟು ಕೆಲಸವಿಲ್ಲ. ಹಬ್ಬಕ್ಕೆ ಮುಂಚೆ ನಿಮ್ಮ ಮನೆಯ ಮಕ್ಕಳ ಕೈಯಲ್ಲಿ ಒಂದು ಚಿತ್ರ ಬರೆಸಿ ಅವರ ಅಂಗಡಿಗೆ ಕೊಂಡೊಯ್ಯಿರಿ. ಅಂಚೆ ಕಾರ್ಡಿಗೆ ಈಗಲೂ 50 ಪೈಸೆ. ಒತ್ತಲು ಅದರ ಒಂದು ಮಗ್ಗುಲು ಪೂರ್ತಿ ಖಾಲಿ ಇದೆ. ಗೆರೆ ಮಾತ್ರ ದಪ್ಪ ಇರಲಿ.