75 + 75 = 7575

ನಮ್ಮ ಸಿಂಧನೂರಿನಲ್ಲಿ ಭತ್ತದ ರೇಟು ಹೇಳುವುದು 75 ಕಿಲೋ ಚೀಲದ ಲೆಕ್ಕದಲ್ಲಿ. ಅಳಿಯನ ದಲ್ಲಾಳಿ ಅಂಗಡಿಯಲ್ಲಿ ಆ ಲೆಕ್ಕವೆಲ್ಲ ಖಾತೆ ಪುಸ್ತಕದಲ್ಲಿತ್ತು. ನೆಟ್ ಇಲ್ಲದಿದ್ದರೂ ಅಂಗಡಿಯ ಕಂಪ್ಯೂಟರಿನಲ್ಲೇ ನಡೆಯುವ ಸಾಫ್ಟ್‌ವೇರ್ ಒಂದನ್ನು ನಾನೇ ಬರೆದುಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟೆ. ನಿವೃತ್ತ ಗಣಿತದ ಮೇಷ್ಟರ ಬಾಯಿ ಕಟ್ಟುವವರು ಯಾರು?

ಸಾಫ್ಟ್‌ವೇರ್ ಬರೆಯುವ ಪಾಠ ಹುಡುಕಲು ಕೂತೆ. ಎಲ್ಲವೂ ‘ಏನೂ ಗೊತ್ತಿಲ್ಲದವರಿಗೆ’ ಎಂದೇ ಶುರುವಾಗುತ್ತಿದ್ದವು. ಎರಡನೇ ನಿಮಿಷಕ್ಕೆ ಕ್ಲಾಸು, ಆಬ್ಜೆಕ್ಟು, ವಿಜೆಟ್ಟು ಎಂದು ಬೀಗರೆಲ್ಲ ಒಟ್ಟಿಗೆ ಬಂದಿಳಿಯುತ್ತಿದ್ದರು. ಯಾರು ಯಾರಿಗೆ ಏನಾಗಬೇಕೆಂದು ಹೇಳುವವರಿಲ್ಲ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಕತೆಯೂ ಇದೇ ತಾನೇ? ನೀರು ಬಿಟ್ಟ ಸುದ್ದಿ ಎಲ್ಲರಿಗೂ ಮುಟ್ಟುತ್ತದೆ, ಕೊನೆ ಭಾಗದ ರೈತನಿಗೆ ನೀರು ಮುಟ್ಟುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಎಲ್ಲ ಗುರುಗಳದ್ದೂ ಒಂದೇ ಮಾತು. 1978ರ ಕರ್ನಿಘನ್ ಮತ್ತು ರಿಚಿಯವರ ಸಿ ಭಾಷೆಯ ಪುಸ್ತಕದಿಂದ ನಡೆದುಬಂದ ಸಂಪ್ರದಾಯದಂತೆ ಮೊದಲು ಕಂಪ್ಯೂಟರಿನಿಂದ ‘ಹಲೋ, ವರ್ಲ್ಡ್’ ಎನ್ನಿಸಬೇಕು. ಎನ್ನಿಸಿದೆ. ಹೆಂಡತಿ ಇಣುಕಿದಳು: “ವಾರ ಆತು, ಇನ್ನೂ ಹಲೋ ಹಲೋ ಅನ್ನಾಕ ಹತ್ತೀರಿ. ಆ ಕಡೀಯವರು ಫೋನ್ ಎತ್ತವಲ್ಲರೇನು?”

ಕೊನೆಗೆ ಪೈಥಾನ್ ಭಾಷೆಯಲ್ಲಿ ವಿಂಡೋ ಕಟ್ಟುವ ಟಿಕಿಂಟರ್ ಎಂಬ ಸಲಕರಣೆ ಹಿಡಿದು ಒಂದು ವಿಂಡೋ, ಎರಡು ಖಾನೆ, ಕೂಡಿಸಲು ಒಂದು ಬಟನ್ ಎಬ್ಬಿಸಿದೆ. ಅಳಿಯ ಎರಡೂ ಖಾನೆಗೆ 75 ತುಂಬಿ ಬಟನ್ ಒತ್ತಿದ. ಉತ್ತರ 7575!

“ಮಾವಾರ, ಇದನ್ನ ತಿದ್ದಬ್ಯಾಡ್ರಿ. ಒಂದ ಸುಗ್ಗಿ ಸಾಕು, ನಾ ಸಾಹುಕಾರ!”

ಮೂರು ದಿನ ತಲೆ ಕೆರೆದುಕೊಂಡೆ. ಖಾನೆಯಲ್ಲಿ ಬರೆದದ್ದು ನಮಗೆ ಸಂಖ್ಯೆ, ಪೈಥಾನಿಗೆ ಬರೀ ಅಕ್ಷರ. ಅಕ್ಷರಗಳನ್ನು ಕೂಡಿಸೆಂದರೆ ಅದು ಪಕ್ಕಪಕ್ಕ ಅಂಟಿಸುತ್ತದೆ. ‘ಇಂಟ್’ ಎಂದು ಹೇಳಿ ಸಂಖ್ಯೆಯಾಗಿಸಿದರೆ ಮಾತ್ರ 150. ಈ ಒಂದು ಸಾಲನ್ನು ಯಾವ ಪುಣ್ಯಾತ್ಮನೂ ನನಗೆ ಹೇಳಿರಲಿಲ್ಲ.

ಮೊನ್ನೆ ಲಿಂಗಸುಗೂರಿಗೆ ಮದುವೆಗೆ ಹೊರಟಾಗ ಬಸ್ಸು ಮಸ್ಕಿಯಲ್ಲಿ ನಿಂತಿತು. ಬೆಟ್ಟ ನೋಡುತ್ತ ಕೂತವನಿಗೆ ಹೊಳೆಯಿತು. ಇಲ್ಲಿನ ಶಾಸನಕ್ಕೂ ಮೊದಲು ಸಿಕ್ಕಿದ್ದ ಅಶೋಕನ ಶಾಸನಗಳಲ್ಲಿ ರಾಜ ಬರೀ ‘ದೇವಾನಾಂಪಿಯ’, ‘ಪಿಯದಸಿ’. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್‌ಗೆ ಇಲ್ಲಿ ಸಿಕ್ಕ ಬಂಡೆ ಮಾತ್ರ ‘ಅಸೋಕ’ ಎಂದು ಹೆಸರು ಹಿಡಿದು ಹೇಳಿತು. ಆ ಒಂದು ಹೆಸರಿನಿಂದ ಉಳಿದ ಬಂಡೆಗಳಿಗೂ ಅರ್ಥ ಗಟ್ಟಿಯಾಯಿತು. ಹೊಸಬರಿಗೆ ಬೇಕಾದ ಪಾಠ ಅಂಥದ್ದು: ಯಾರು ಯಾರೆಂದು ಒಮ್ಮೆ ಹೇಳಿಬಿಡುವಂಥದ್ದು.

ಅಷ್ಟರಲ್ಲಿ ಇನ್ನೊಂದು ನೆನಪಾಯಿತು. ಇಡೀ ನೌಕರಿಯುದ್ದಕ್ಕೂ ನಾನು ‘ಎಕ್ಸ್ ಎಂದಿಟ್ಟುಕೊಳ್ಳಿ’ ಎಂದು ಪಾಠ ಮಾಡಿದವನು. “ಯಾಕ್ ಇಟ್ಕೋಬೇಕ್ರಿ ಸರ್?” ಎಂದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ.

ಅಂಗಡಿಯಲ್ಲೀಗ ಉತ್ತರ 150 ಬರುತ್ತಿದೆ. ಆ ಹುಡುಗನಿಗೆ ಕೊಡಬೇಕಾದ ಉತ್ತರ ಮಾತ್ರ ನನ್ನ ಹತ್ತಿರವೇ ಬಾಕಿ ಇದೆ.