ಎಳೆಯ ಟಬೂಬಿಯಾ ಮತ್ತು ಮಚ್ಚಿನ ಮೀಮಾಂಸೆ

ಬೆಂಗಳೂರಿನ ರಸ್ತೆಬದಿಯ ಎಳೆಯ ಟಬೂಬಿಯಾದ ರೆಂಬೆ ಸವರುವುದನ್ನು ಪಾಮರರು ಇಂದಿಗೂ ಕೆಲಸವೆಂದೇ ತಿಳಿದಿದ್ದಾರೆ. ಅದು ಕೆಲಸವಲ್ಲ, ಸಂಕಥನ. ಮರದ ಅಸ್ಮಿತೆಯೊಂದಿಗೆ ಮಚ್ಚು ನಡೆಸುವ ಈ ಮುಖಾಮುಖಿಯನ್ನು ‘ಶಾಖಾ ನಿರಚನೆ’ಯ ತಾತ್ವಿಕ ಚೌಕಟ್ಟಿನಲ್ಲಿಟ್ಟು ಅನುಸಂಧಾನ ಮಾಡುವ ಜರೂರು ಇದೆ ಎಂಬುದನ್ನು ಇಲ್ಲಿ ಗಮನಿಸಬೇಕಾಗುತ್ತದೆ.

ಮೊದಲು ಕಾಲವಿಭಾಗ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕೃಂಬಿಗಲ್, ಒಂದು ಜಾತಿಯ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಹೊಂದಿಸಿದ್ದು ಕೃಂಬಿಗಲ್ ಯುಗ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಲಕ್ಷಗಟ್ಟಲೆ ಸಸಿ ನೆಡಿಸಿದ್ದು ನೇಗಿನಹಾಳ ಯುಗ. ಈಗ ನಡೆಯುತ್ತಿರುವುದು ಮಚ್ಚಿನ ಯುಗ.

ಸವರುವವರಲ್ಲಿ ಏಳು ಪಂಥಗಳುಂಟು. ಮೊದಲನೆಯದು ತಂತಿಪಂಥ: ತಂತಿಯೇ ಪರಮಸತ್ಯ, ಅದಕ್ಕೆ ತಾಗುವುದೆಲ್ಲ ಮಿಥ್ಯೆ. ಇವರು ಹೋದ ಮೇಲೆ ಉಳಿದ ಅರ್ಧ ಮರ ರಸ್ತೆಗೆ ವಾಲಿಕೊಂಡು ನಿಂತಿರುತ್ತದೆ. ಎರಡನೆಯದು ಬೋರ್ಡುಪಂಥ; ಅಂಗಡಿಯ ಹೆಸರು ಕಾಣಬೇಕು, ಅಷ್ಟೆ. ಉಳಿದ ಐದಕ್ಕೂ ಮಚ್ಚು ಒಂದೇ ಆದ್ದರಿಂದ ವರ್ಗೀಕರಣವನ್ನು ಇಲ್ಲಿಗೇ ಬಿಡಬಹುದು. ಈ ಕುರಿತ ವಿಚಾರ ಸಂಕಿರಣಗಳಲ್ಲಿ ಹೊರಗೆ ಕೊಂಬೆ ಬೀಳುವ ಸದ್ದು ಕೇಳಿಸದಂತೆ ಕಿಟಕಿ ಮುಚ್ಚುವುದೂ ಸಂಶೋಧನಾ ವಿಧಾನದ ಭಾಗವೇ.

ಮರಕ್ಕೆ ಮಾತ್ರ ಇದರ ಗೊಡವೆಯಿಲ್ಲ. ಕೊಂಬೆ ಕಾಂಡವನ್ನು ಕೂಡುವಲ್ಲಿ ಸುಕ್ಕುಗಟ್ಟಿದ ಒಂದು ಉಬ್ಬು ಇರುತ್ತದೆ. ಗಾಯ ಮುಚ್ಚುವ ಹೊಸ ಅಂಗಾಂಶ ಹುಟ್ಟುವುದು ಅಲ್ಲೇ. ಗರಗಸ ಅದರಾಚೆ ಇಡಬೇಕು. ದಪ್ಪ ಕೊಂಬೆಯಾದರೆ ಗೇಣುದ್ದ ಆಚೆ ಕೆಳಗಿನಿಂದ ಒಂದು ಗೀರು, ಅದಕ್ಕಿಂತ ತುಸು ಮುಂದೆ ಮೇಲಿನಿಂದ ಕೊಯ್ತ, ಭಾರ ಇಳಿದ ಮೇಲೆ ಉಳಿದ ಮೋಟನ್ನು ಉಬ್ಬಿನ ಅಂಚಿಗೆ ಕೊಯ್ಯಬೇಕು. ಕೆಳಗಿನ ಗೀರು ಮರೆತರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೂ ಸಿಗಿದುಕೊಂಡೇ ಹೋಗುತ್ತದೆ. ಗಾಯಕ್ಕೆ ಡಾಂಬರು ಬಳಿಯುವುದೂ ದಂಡ. ಮರ ತನ್ನ ಗಾಯದ ಸುತ್ತ ಒಳಗಿನಿಂದ ತಾನೇ ಗೋಡೆ ಕಟ್ಟಿಕೊಳ್ಳುತ್ತದೆ ಎಂದು ಅಮೆರಿಕದ ಮರತಜ್ಞ ಅಲೆಕ್ಸ್ ಶೈಗೊ ಮರಗಳನ್ನು ಸೀಳಿ ತೋರಿಸಿ ದಶಕಗಳೇ ಆದವು.

ಟಬೂಬಿಯಾ ಎಲೆ ಕಳಚಿ ಗುಲಾಬಿ ಹೂ ಬಿಡುವುದು ರೆಂಬೆಗಳ ತುದಿಯಲ್ಲಿ. ಡಿಸೆಂಬರಿನಲ್ಲಿ ತುದಿ ಹಾರಿಸಿದರೆ ಆ ವರ್ಷಕ್ಕೆ ಹೂವಿಲ್ಲ. ನಡುಗೊಂಬೆಯ ತಲೆಯನ್ನೇ ತೆಗೆದರೆ ಮೋಟಿನ ಸುತ್ತ ಪೊರಕೆಯಂತೆ ಚಿಗುರುತ್ತದೆ. ಆ ಚಿಗುರುಗಳಿಗೆ ಬುಡದಲ್ಲಿ ಹಿಡಿತವಿಲ್ಲ. ಬಲಿತ ಮೇಲೆ ಯಾವುದೋ ಮೇ ತಿಂಗಳ ಗಾಳಿಮಳೆಗೆ ಮುರಿದು ಕಾರಿನ ಮೇಲೆ ಬೀಳುತ್ತವೆ. ಆಗ ‘ಅಪಾಯಕಾರಿ ಮರ’ ಎಂದು ಬರೆದು ಬುಡಕ್ಕೇ ಕೊಡಲಿ ಇಡುತ್ತಾರೆ. ಕೈಕಾಲು ಕಡಿದವರೇ ಕುಂಟು ಎಂದು ದೂರುವ ಈ ಕ್ರಮಕ್ಕೆ ಪಾರಿಭಾಷಿಕ ಪದ ಹುಡುಕುವ ಅಗತ್ಯವಿಲ್ಲ. ಇದು ಅನ್ಯಾಯ.

ಸವರಲೇಬೇಕೆಂದಿದ್ದರೆ ಹೂ ಮುಗಿಯುವ ತನಕ ಕಾಯಿರಿ, ಮಚ್ಚು ಬಿಟ್ಟು ಹರಿತವಾದ ಗರಗಸ ತನ್ನಿ. ಒಣಗಿದ್ದು, ಒಂದನ್ನೊಂದು ಉಜ್ಜುವುದು, ನಡುಗೊಂಬೆಗೆ ಪೈಪೋಟಿ ಕೊಡುವುದು, ಇಷ್ಟನ್ನು ತೆಗೆದರೆ ಸಾಕು. ಹಸಿರಿನ ಕಾಲುಭಾಗ ಮಾತ್ರ ದಾಟಬೇಡಿ.