ನಿಧಾನಜ್ವರ ನಿದಾನ: ಘಟಪ್ರಭಾ ಸೀಮೆಯ ಕಾರುಗಳ ಒಂದು ಉಷ್ಣವ್ಯಾಧಿ

ನಿದಾನ ಎಂದರೆ ರೋಗದ ಮೂಲ ಪತ್ತೆ ಹಚ್ಚುವುದು. ನಿಧಾನ ಎಂದರೆ ಕಬ್ಬಿನ ಹಂಗಾಮಿನಲ್ಲಿ ಹುಕ್ಕೇರಿಯಿಂದ ಮೂಡಲಗಿಗೆ ಕಾರಿನಲ್ಲಿ ಹೊರಡುವುದು. ಒಂದು ಮಹಾಪ್ರಾಣದಷ್ಟೇ ಅಂತರವಿರುವ ಈ ಎರಡು ಶಬ್ದಗಳ ನಡುವೆ ಕಾರ್ಯಕಾರಣ ಸಂಬಂಧವಿದೆಯೆಂಬುದು ಪ್ರಾಚೀನ ವೈಯಾಕರಣರ ಗಮನಕ್ಕೆ ಬಂದಂತಿಲ್ಲ. ಅವರಲ್ಲಿ ಯಾರ ಬಳಿಯೂ ಕಾರು ಇರಲಿಲ್ಲವಾದ್ದರಿಂದ ಕ್ಷಮಿಸಬಹುದು.

ಮೊದಲು ಕ್ಷೇತ್ರಪರಿಚಯ. ಹೂವಿನಕೇರಿಯೇ ಹುಕ್ಕೇರಿಯಾಯಿತೆಂದೂ ಇಲ್ಲಿಯ ಗುಲಾಬಿ ವಿಜಯಪುರದ ಸುಲ್ತಾನರಿಗೆ ಹೋಗುತ್ತಿತ್ತೆಂದೂ ಪ್ರತೀತಿ. ಗುಲಾಬಿ ಹೊತ್ತ ಕುದುರೆಯ ಹಿಂದೆ ಸಿಕ್ಕು ಯಾರದೋ ರೇಡಿಯೇಟರ್ ಕುದಿಯಿತೆಂದು ಯಾವ ಶಾಸನವೂ ಹೇಳುವುದಿಲ್ಲ. ಈಗ ಈ ರಸ್ತೆಗಳಲ್ಲಿ ಹೋಗುವುದು ಕಬ್ಬು. ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಎರಡೂ ಮಗ್ಗುಲಿಗೆ ಚಾಚಿದ ಹೇರು, ಡ್ರೈವರನ ತಲೆಯ ಮೇಲೆ ಜನಪದ ಹಾಡು ಒದರುವ ಸ್ಪೀಕರ್. ಅದರ ಹಿಂದೆ ಇನ್ನೊಂದು. ಅದರ ಹಿಂದೆ ನಾನು.

ರೋಗಿ ಹನ್ನೆರಡು ವರ್ಷ ಪ್ರಾಯದ ಪೆಟ್ರೋಲ್ ಕಾರು. ಸಂಕೇಶ್ವರದ ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಹೋದರೆ ಬಿಸಿಯ ಮುಳ್ಳು ಅರ್ಧಕ್ಕೆ ನಿಂತು ಸಾಧುವಿನಂತೆ ಇರುತ್ತದೆ. ಟ್ರ್ಯಾಕ್ಟರಿನ ಹಿಂದೆ ಹತ್ತರ ವೇಗಕ್ಕೆ ಇಳಿದು ಹತ್ತು ನಿಮಿಷವಾಯಿತೋ, ಮುಳ್ಳು ಕೆಂಪು ಗೆರೆಗೆ ಏರುತ್ತದೆ. ದುಡಿದಾಗ ತಣ್ಣಗೆ, ಕುಂತಾಗ ಜ್ವರ. ಮನುಷ್ಯರಲ್ಲೂ ಈ ಪ್ರಕೃತಿಯವರನ್ನು ಕಂಡಿದ್ದೇನೆ. ಮೇಲೆ ಘಟಪ್ರಭೆಯ ಹಿಡಕಲ್ ಜಲಾಶಯದಲ್ಲಿ 51 ಟಿಎಂಸಿ ನೀರು ಹಿಡಿಯುತ್ತದೆ, ಕೆಳಗೆ ಗೋಕಾಕದಲ್ಲಿ ಅದೇ ನದಿ 170 ಅಡಿ ಧುಮುಕುತ್ತದೆ. ನಡುವೆ ನನ್ನ ನಾಲ್ಕೈದು ಲೀಟರ್ ನೀರಿಗೆ ತಣ್ಣಗಿರುವುದು ಆಗಲಿಲ್ಲ.

ಇನ್ನು ಪೂರ್ವಪಕ್ಷಗಳು. ಜಲವಾದಿಗಳದು ದೊಡ್ಡ ಪಂಥ. ಪ್ರತಿ ಚಹಾದ ಅಂಗಡಿಯೂ ಅವರ ಮಠ. ಬಾನೆಟ್ ಎತ್ತಿದ ಕೂಡಲೇ ತಂಬಿಗೆ ಹಿಡಿದು ಬಂದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುತ್ತಾರೆ. ಆ ಮುಚ್ಚಳ ಸುಮಾರು ಒಂದು ಬಾರ್ ಒತ್ತಡವನ್ನು ಅದುಮಿಟ್ಟಿರುತ್ತದೆ. ಆ ಒತ್ತಡದಲ್ಲಿ ನೀರು 120 ಡಿಗ್ರಿಯ ತನಕ ಕುದಿಯದೆ ತಾಳುತ್ತದೆ. ಬಿಸಿಯಿದ್ದಾಗ ಮುಚ್ಚಳ ತೆಗೆದರೆ ನೀರು ಒಮ್ಮೆಲೇ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಅರ್ಧ ತಾಸು ಕಾಯಬೇಕು. ಕಾಯುವುದನ್ನು ಯಾವ ಪಂಥವೂ ಬೋಧಿಸುವುದಿಲ್ಲ.

ಎರಡನೆಯವರು ಶೂನ್ಯವಾದಿಗಳು: “ಥರ್ಮೋಸ್ಟ್ಯಾಟ್ ತಗದ ಒಗೀರಿ.” ಸುಮಾರು 85 ಡಿಗ್ರಿಗೆ ಬಾಯಿ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟವದು. ಅದನ್ನು ತೆಗೆದರೆ ಹೆದ್ದಾರಿಯಲ್ಲಿ ಎಂಜಿನ್ ಬಿಸಿಯೇ ಆಗದೆ ಪೆಟ್ರೋಲ್ ಕುಡಿಯುತ್ತದೆ, ಟ್ರ್ಯಾಕ್ಟರಿನ ಹಿಂದೆ ಮೊದಲಿನಂತೆಯೇ ಕುದಿಯುತ್ತದೆ. ಮೂರನೆಯದು ಶಿರೋವಾದ. ಒಬ್ಬ ಪಂಡಿತರು ಬಾನೆಟ್ ಎತ್ತದೆಯೇ “ಹೆಡ್ ಇಳಸಬೇಕ್ರಿ, ಗ್ಯಾಸ್ಕೆಟ್ ಹೋಗೈತಿ” ಎಂದು ಇಪ್ಪತ್ತು ಸಾವಿರದ ಭಾಷ್ಯ ಬರೆದುಕೊಟ್ಟರು.

ಇದಕ್ಕೆ ಖಂಡನೆ ಗೋಕಾಕದಲ್ಲೇ ಇದೆ. ಗೋಕಾಕ್ ಚಳವಳಿ ಗೋಕಾಕದಲ್ಲಿ ಹುಟ್ಟಿತೆಂದು ನಂಬಿದವರು ಇಂದಿಗೂ ಸಿಗುತ್ತಾರೆ. ಅದರ ಹೆಸರು ಬಂದದ್ದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರಾದ ವಿ.ಕೃ. ಗೋಕಾಕರ ಅಡ್ಡಹೆಸರಿನಿಂದ, ಅವರು ಹುಟ್ಟಿದ್ದು ಸವಣೂರಿನಲ್ಲಿ. ಹೆಡ್ಡು ಕಾದಿದೆ, ಆದ್ದರಿಂದ ದೋಷ ಹೆಡ್ಡಿನದೇ ಎಂಬುದೂ ಇದೇ ಜಾತಿಯ ತರ್ಕ.

ಸಿದ್ಧಾಂತ ಸಿಕ್ಕಿದ್ದು ಘಟಪ್ರಭಾದ ಹತ್ತಿರ, ತಗಡಿನ ಮಾಡಿನ ಕೆಳಗೆ. ನಾನು ಹೊರಟಿದ್ದ ಮೂಡಲಗಿಯ ಮದುವೆಯಲ್ಲಿ ಅಕ್ಕಿಕಾಳು ಬೀಳಲು ಒಂದು ತಾಸು ಉಳಿದಿತ್ತು. ಮಿಸ್ತ್ರಿ ಚಹಾ ಮುಗಿಸಿ ಎದ್ದರು.

“ಹೈವೇದಾಗ ಗರಂ ಆಗ್ತೈತೇನ್ರಿ ಸರ್?”

“ಇಲ್ಲ.”

“ಹಂಗಾರ ಹೆಡ್ಡಿನ ಸುದ್ದಿ ಬಿಡ್ರಿ. ಎ.ಸಿ. ಹಚ್ರಿ.”

ಹಚ್ಚಿದೆ. ಕಂಪ್ರೆಸರ್ ಟಕ್ ಎಂದಿತು. ಅದರ ಬೆನ್ನಿಗೇ ತಿರುಗಬೇಕಾದ ಫ್ಯಾನ್ ಅಲುಗಲಿಲ್ಲ. ಹೆದ್ದಾರಿಯಲ್ಲಿ ಓಟದ ಗಾಳಿಯೇ ರೇಡಿಯೇಟರನ್ನು ಆರಿಸುತ್ತದೆ, ಫ್ಯಾನ್ ಸತ್ತಿದ್ದರೂ ಗೊತ್ತಾಗುವುದಿಲ್ಲ. ಓಟ ನಿಂತಲ್ಲಿ ಗಾಳಿಯನ್ನು ಫ್ಯಾನೇ ಎಳೆಯಬೇಕು. ಮಿಸ್ತ್ರಿ ಎರಡು ವೈರ್ ತಂದು ಫ್ಯಾನನ್ನು ಬ್ಯಾಟರಿಗೆ ನೇರ ಮುಟ್ಟಿಸಿದರು. ಗರ್ರನೆ ತಿರುಗಿತು. ಮೋಟರ್ ಸರಿ. ಫ್ಯೂಸ್ ಸರಿ. ಆಮೇಲೆ ಕರಿ ಡಬ್ಬಿ ತೆರೆದು, ಬೆಂಕಿಪೆಟ್ಟಿಗೆಯ ಅರ್ಧದಷ್ಟಿರುವ ಒಂದು ರಿಲೇ ಕಿತ್ತು ಮೂಸಿ, “ಸುಟ್ಟೈತ್ರಿ” ಎಂದರು. ನ್ಯಾಯಶಾಸ್ತ್ರದ ನಾಲ್ಕು ಪ್ರಮಾಣಗಳಲ್ಲಿ ಮೂಸುವುದು ಪ್ರತ್ಯಕ್ಷದಲ್ಲೇ ಸೇರುತ್ತದೆಂದು ಮನೆಗೆ ಬಂದು ನೋಡಿ ತಿಳಿದುಕೊಂಡೆ.

ಗೋಕಾಕದ ಜಲಪಾತದಲ್ಲಿ 1887ರಲ್ಲೇ ವಿದ್ಯುತ್ ಹುಟ್ಟಿತೆಂದು ಹೇಳುತ್ತಾರೆ. ರಾಜ್ಯಕ್ಕೆಲ್ಲ ಒಂದೇ ಆಗಿರುವ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇರುವುದು ಹುಕ್ಕೇರಿಯಲ್ಲಿ. ಇಂಥ ಸೀಮೆಯಲ್ಲಿ ನನ್ನ ಫ್ಯಾನು ಎಷ್ಟು ದಿನದಿಂದ ಕರೆಂಟಿಲ್ಲದೆ ಕುಳಿತಿತ್ತೋ. ಅಷ್ಟರಲ್ಲಿ ಮಿಸ್ತ್ರಿಯ ಹುಡುಗ ರೇಡಿಯೇಟರಿನ ಮುಂದಿನ ಸಂದಿಯಿಂದ ಕಬ್ಬಿನ ರವದಿಯನ್ನು ಹಿಡಿಹಿಡಿಯಾಗಿ ಎಳೆದು ಹಾಕಿದ. ಒಂದು ಎಮ್ಮೆಯ ಸಂಜೆಯ ಮೇವಿಗೆ ಸ್ವಲ್ಪ ಕಡಿಮೆ.

ಫ್ಯಾನ್ ತಿರುಗತೊಡಗಿತು. “ಹೊಸಾ ರಿಲೇ ಹಾಕಿದ್ರೇನು?” ಎಂದೆ.

“ಅದು ನಾಳಿ ಗೋಕಾಕದಿಂದ ಬರ್ತೈತ್ರಿ. ಹಾರ್ನಿಂದ ಕಿತ್ತು ಇದಕ್ಕ ಹಾಕೀನಿ, ಎರಡೂ ಒಂದ ನಮೂನಿ ಅದಾವು.”

“ಹಾರ್ನ್?”

“ಹೊಡದ ಏನ್ ಮಾಡಾವ್ರಿದ್ರಿ ಸರ್? ಮುಂದಿನವ ಹಾಡ ಹಚ್ಚಿರ್ತಾನ.”

ಅಕ್ಕಿಕಾಳಿಗೆ ಮುಟ್ಟಲಿಲ್ಲ, ಊಟಕ್ಕೆ ಮುಟ್ಟಿದೆ. ದಾರಿಯುದ್ದಕ್ಕೂ ಮುಳ್ಳು ಅರ್ಧ ದಾಟಲಿಲ್ಲ. ಅರಭಾವಿಯ ಹತ್ತಿರ ಮುಂದಿನ ಟ್ರೇಲರಿನಿಂದ ಒಂದು ಕಬ್ಬು ಜಾರಿ ಬಾನೆಟ್ಟಿನ ಮೇಲೆ ಬಿತ್ತು. ರೂಢಿಯಂತೆ ಹಾರ್ನ್ ಒತ್ತಿದೆ. ಒಳಗೆ ಫ್ಯಾನ್ ಗುಂಯ್ ಎನ್ನುತ್ತಿತ್ತು.